ಹಸಿವಿಗೆ ಅಂಕ ಕೊಡುವ ಆ್ಯಪ್: ಹತ್ತು ವಾರಗಳ ಬಳಕೆಯ ನಂತರ

ಮನಸ್ಸನ್ನು ಶಾಂತಗೊಳಿಸಿ ಅತಿಯಾಗಿ ತಿನ್ನುವುದನ್ನು ತಗ್ಗಿಸುತ್ತೇನೆಂದು ಹೇಳಿಕೊಳ್ಳುವ ಮೊಬೈಲ್ ಆ್ಯಪ್ ಒಂದನ್ನು ಹತ್ತು ವಾರ ಬಳಸಿದ್ದೇನೆ. ಮೆಚ್ಚುಗೆಯಷ್ಟೇ ತಕರಾರೂ ಇರುವುದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ. ಈ ಬಗೆಯ ಆ್ಯಪ್‌ಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವಾದ್ದರಿಂದ ಓದುಗರಿಗೆ ಅದರಿಂದ ನಷ್ಟವೇನೂ ಇಲ್ಲ.

ಕ್ಯಾಲೊರಿಯ ಲೆಕ್ಕ ಕೇಳದಿರುವುದು ಇದರ ಮೊದಲ ಗುಣ. ಬೆಳಗ್ಗೆ ಐದು ನಿಮಿಷಗಳ ಉಸಿರಾಟದ ಅಭ್ಯಾಸವಿದೆ: ನಾಲ್ಕು ಸೆಕೆಂಡು ಒಳಗೆ, ಆರು ಸೆಕೆಂಡು ಹೊರಗೆ, ಅಂದರೆ ನಿಮಿಷಕ್ಕೆ ಆರು ಉಸಿರು. ಉಸಿರನ್ನು ನಿಧಾನವಾಗಿ ಬಿಡುವಾಗ, ಮಿದುಳಿನಿಂದ ಹೃದಯದವರೆಗೆ ಹಾಯುವ ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗುತ್ತದೆ. ಒತ್ತಡ ಬಹುಕಾಲ ಮುಂದುವರಿದರೆ ಕಾರ್ಟಿಸಾಲ್ ಹಾರ್ಮೋನು ತಿನ್ನುವ ಬಯಕೆಯನ್ನು ಕೆರಳಿಸಬಲ್ಲದಾದ್ದರಿಂದ, ಊಟದ ವಿಷಯದಲ್ಲಿ ಉಸಿರಿಗೇನು ಕೆಲಸ ಎಂಬ ನನ್ನ ಆರಂಭದ ಅನುಮಾನ ಉಳಿಯಲಿಲ್ಲ.

ಆದರೆ ಆ್ಯಪ್‌ನ ನಿಜವಾದ ಸತ್ವ ಇರುವುದು ಹಸಿವಿನ ಅಂಕದಲ್ಲಿ. ಏನನ್ನಾದರೂ ಬಾಯಿಗೆ ಹಾಕಿಕೊಳ್ಳುವ ಮುನ್ನ 1ರಿಂದ 10ರೊಳಗೆ ಒಂದು ಅಂಕ ನಮೂದಿಸಬೇಕು. 1 ಎಂದರೆ ತಡೆಯಲಾರದ ಹಸಿವು, 10 ಎಂದರೆ ಹೊಟ್ಟೆ ಬಿರಿಯುವಷ್ಟು ತುಂಬಿರುವುದು. ಎರಡನೆಯ ವಾರದ ಕೊನೆಗೆ ನನ್ನ ಅಂಕಗಳನ್ನು ತಿರುವಿ ನೋಡಿದಾಗ, ರಾತ್ರಿ ಹತ್ತರ ನಂತರ ತಿಂದಾಗಲೆಲ್ಲ ನಾನೇ 7 ಅಥವಾ 8 ಎಂದು ಬರೆದಿದ್ದುದು ಕಂಡು ಸ್ವಲ್ಪ ನಾಚಿಕೆಯೇ ಆಯಿತು. ಹಸಿವೆಂದು ನಾನು ಕರೆಯುತ್ತಿದ್ದುದು ದಿನದ ಕೆಲಸ ಮುಗಿದ ಮೇಲೂ ಇಳಿಯದ ಮನಸ್ಸಿನ ಚಡಪಡಿಕೆಯಾಗಿತ್ತು, ಜೊತೆಗೆ ತುಸು ಬಾಯಿಚಪಲ. ಅಂಕ 6 ದಾಟಿದರೆ ಆ್ಯಪ್ ಬೇಡ ಎನ್ನುವುದಿಲ್ಲ. ಹತ್ತು ನಿಮಿಷಗಳ ಗಡಿಯಾರವನ್ನು ಓಡಿಸಿ ಬಯಕೆಯನ್ನು ಸುಮ್ಮನೆ ಗಮನಿಸಲು ಹೇಳುತ್ತದೆ. ಬಯಕೆಯು ಅಲೆಯಂತೆ ಏರಿ ಇಳಿಯುತ್ತದೆ, ಅದರೊಡನೆ ಸೆಣಸಬೇಕಿಲ್ಲ ಎಂಬ ಈ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಟ್ ವ್ಯಸನಗಳ ಚಿಕಿತ್ಸೆಯಲ್ಲಿ ಬಳಕೆಗೆ ತಂದರು. ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಸಲ ಅಲೆ ಇಳಿಯಿತು. ಉಳಿದ ಸಲ ತಿಂದೆ, ಆದರೆ ತಿನ್ನುತ್ತಿದ್ದೇನೆಂದು ತಿಳಿದೇ ತಿಂದೆ.

ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕಾಗುವುದರಿಂದ ನಿಧಾನವಾಗಿ ಉಣ್ಣಬೇಕೆಂಬ ಸಲಹೆಯೂ ಸರಿಯೇ. ಅದಕ್ಕಾಗಿ ಪ್ರತಿ ತುತ್ತಿಗೂ ಬಾರಿಸುವ ಗಂಟೆ ಮಾತ್ರ ಜೊತೆಗೆ ಉಣ್ಣುವವರಿಗೆ ಹಿಂಸೆ.

ನನ್ನ ದೊಡ್ಡ ತಕರಾರು ದಿನಗಳ ಎಣಿಕೆಯ ಬಗ್ಗೆ. 21 ದಿನಗಳಲ್ಲಿ ಅಭ್ಯಾಸ ಬೇರೂರುತ್ತದೆಂದು ಸಾರುವ ಈ ಆ್ಯಪ್, ಒಂದು ದಿನ ತಪ್ಪಿದರೂ ಎಣಿಕೆಯನ್ನು ಸೊನ್ನೆಗಿಳಿಸಿ ಕೆಂಪು ಅಕ್ಷರಗಳಲ್ಲಿ ತೋರಿಸುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಭ್ಯಾಸವೊಂದು ತಾನಾಗಿ ನಡೆಯಲು ಸುಮಾರು 66 ದಿನ ಬೇಕು, ಅದೂ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ಬದಲಾಗುತ್ತದೆ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಕಂಡುಬರಲಿಲ್ಲ. ಹಾನಿ ಮಾಡುವುದು ಆ ಸೊನ್ನೆ. ಹತ್ತೊಂಬತ್ತನೆಯ ದಿನ ನನ್ನ ಎಣಿಕೆ ಮುರಿದ ಸಂಜೆ, ಹೇಗೂ ಕೆಟ್ಟಿತಲ್ಲ ಎಂದುಕೊಂಡು, ಆ ತಿಂಗಳಿನಲ್ಲೇ ಅತಿ ಹೆಚ್ಚು ತಿಂದೆ. ಪಥ್ಯ ಮಾಡುವವರಲ್ಲಿ ಇದೇ ವರ್ತನೆಯನ್ನು ಟೊರೊಂಟೊ ವಿಶ್ವವಿದ್ಯಾಲಯದ ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ದಶಕಗಳ ಹಿಂದೆಯೇ ಗುರುತಿಸಿದ್ದರು. ಮನಸ್ಸಿನ ಶಾಂತಿಗೆಂದು ಮಾಡಿದ ಸಾಧನದಲ್ಲಿ ಇಂಥ ಛಡಿಯೇಟು ಏಕಿರಬೇಕೋ ತಿಳಿಯದು.

ಮಿತಿಯಿಲ್ಲದೆ ತಿನ್ನುವುದು ಕೆಲವರಲ್ಲಿ ಚಿಕಿತ್ಸೆ ಬೇಡುವ ಕಾಯಿಲೆಯೂ ಹೌದು; 2013ರಿಂದ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ಅಂಥವರು ವೈದ್ಯರನ್ನು ಕಾಣಬೇಕೆಂಬ ಒಂದು ಸಾಲು ಕೂಡ ಆ್ಯಪ್‌ನಲ್ಲಿ ನನಗೆ ಸಿಗಲಿಲ್ಲ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಉಸಿರಾಟ ಮತ್ತು ಹತ್ತು ನಿಮಿಷಗಳ ಗಡಿಯಾರ ಉಚಿತ ಆವೃತ್ತಿಯಲ್ಲೇ ಇರುವುದರಿಂದ ಚಂದಾ ನಿಲ್ಲಿಸಿದ್ದೇನೆ. ಹಸಿವಿನ ಅಂಕವನ್ನು ಈಗ ಒಂದು ಚೀಟಿಯಲ್ಲಿ ಬರೆದಿಡುತ್ತೇನೆ, ದಿನಗಳನ್ನು ಎಣಿಸುವುದಿಲ್ಲ.