ಕೈಟೋಸಾನ್–ಆಲ್ಜಿನೇಟ್ ಜೋಡಿಯೋ, ಪಿಡಿಎಡಿಎಂಎಸಿ–ಪಿಎಸ್‌ಎಸ್ ಜೋಡಿಯೋ?

ಬಳ್ಳಾರಿಯಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ವಿರುದ್ಧ ಚಾರ್ಜಿನ ಪಾಲಿಮರ್‌ಗಳನ್ನು ನೀರಲ್ಲಿ ಬೆರೆಸಬೇಕು ಅಂತಿದ್ದೀರಾ? ಬೆರೆಸಿದರೆ ಅವು ಒಂದನ್ನೊಂದು ಸೆಳೆದು ಅಂಟಿಕೊಂಡು ಕಣವೋ ಮುದ್ದೆಯೋ ಆಗುತ್ತವೆ. ಎರಡೂ ಜೋಡಿ ಚೆನ್ನಾಗಿವೆ, ಆದರೆ ಸ್ವಭಾವ ಬೇರೆ.

ಕೈಟೋಸಾನ್ (ಸೀಗಡಿ ಚಿಪ್ಪಿನಿಂದ ಬರುವ ಪಾಸಿಟಿವ್ ಪಾಲಿಮರ್) ಮತ್ತು ಆಲ್ಜಿನೇಟ್ (ಕಡಲಪಾಚಿಯಿಂದ ಬರುವ ನೆಗೆಟಿವ್ ಪಾಲಿಮರ್) ಜೋಡಿಯಲ್ಲಿ ಪಿಎಚ್ ಕಾಯಬೇಕು. ಕೈಟೋಸಾನ್ ಕರಗಲು 1% ಅಸಿಟಿಕ್ ಆಸಿಡ್ ಬೇಕು. ಪಿಎಚ್ 6.5 ದಾಟಿದರೆ ಅದರ ಚಾರ್ಜ್ ಕಮ್ಮಿಯಾಗುತ್ತದೆ, 3.5ಕ್ಕಿಂತ ಇಳಿದರೆ ಆಲ್ಜಿನೇಟ್‌ನದು. 5ರ ಆಸುಪಾಸು ಎರಡಕ್ಕೂ ಸರಿ. ನೀರಿನ ಬಗ್ಗೆಯೂ ಹುಷಾರು. ಒಮ್ಮೆ ನಾನು ಗಡಸು ಬೋರ್‌ವೆಲ್ ನೀರಲ್ಲೇ ಆಲ್ಜಿನೇಟ್ ಹಾಕಿದೆ. ಬೀಕರ್ ತಳದಲ್ಲಿ ಲೋಳೆಲೋಳೆ ಗಂಟು ಕಟ್ಟಿತು, ಗಾಜಿನ ಕಡ್ಡಿಗೆ ಅಂಟಿಕೊಂಡೇ ಮೇಲೆ ಬಂತು. ಕ್ಯಾಲ್ಸಿಯಂ ಇದ್ದರೆ ಹಾಗೇ. ಡಿಸ್ಟಿಲ್ಡ್ ನೀರೇ ಬಳಸಿ.

ಪಿಡಿಎಡಿಎಂಎಸಿ (ಪಾಸಿಟಿವ್) ಮತ್ತು ಪಿಎಸ್‌ಎಸ್ (ನೆಗೆಟಿವ್) ಎರಡೂ ಕೃತಕ ಪಾಲಿಮರ್‌ಗಳು, ಇವಕ್ಕೆ ಈ ತಾಪತ್ರಯ ಇಲ್ಲ. ಸೀದಾ ನೀರಲ್ಲಿ ಕರಗುತ್ತವೆ, ಪಿಎಚ್ ಬದಲಾದರೂ ಚಾರ್ಜ್ ಉಳಿಯುತ್ತದೆ. ಒಂದಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಡುತ್ತಾ 500 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಮಬ್ಬು ಅಳೆಯಿರಿ. ಎರಡರ ಚಾರ್ಜ್ ಸಮ ಆಗುವ ಹೊತ್ತಿಗೆ ದ್ರಾವಣ ನೀರುಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಜೀಟಾ ಪೊಟೆನ್ಷಿಯಲ್ (ಕಣಗಳ ಮೇಲ್ಮೈ ಚಾರ್ಜಿನ ಸೂಚಕ) ಸೊನ್ನೆ ದಾಟುವುದೂ ಅಲ್ಲೇ ಹತ್ತಿರ. ಪೊಟ್ಯಾಸಿಯಂ ಬ್ರೋಮೈಡ್ ಉಪ್ಪನ್ನು ಹೆಚ್ಚಿಸುತ್ತಾ ಹೋದರೆ ಗಟ್ಟಿ ಮುದ್ದೆ ಮೆತ್ತಗಾಗಿ, ಕೊನೆಗೆ ಕರಗಿಯೇ ಹೋಗುತ್ತದೆ. ನೋಡೋಕೇ ಖುಷಿ!

ಔಷಧಿ ತುಂಬುವ ಕಣ ಬೇಕಿದ್ದರೆ ಮೊದಲನೆಯದು. ಮೊದಲ ಸಲ ಕಲಿಯುತ್ತಿದ್ದರೆ ಎರಡನೆಯದನ್ನೇ ಹಿಡಿಯಿರಿ.