ಕಾಯಿಲೆಯೋ, ಲೋಕದೃಷ್ಟಿಯೋ: ಶಿವಮೊಗ್ಗದ ಒಂದು ಚಿತ್ರಪ್ರದರ್ಶನ

ಮಳೆ ಬಿಡದೆ ಹೊಡೆಯುತ್ತಿದ್ದ ಭಾನುವಾರ, ಶಿವಮೊಗ್ಗದ ಸಣ್ಣ ಸಭಾಂಗಣವೊಂದರಲ್ಲಿ ಸಿನಿಮಾಸಕ್ತರ ಗುಂಪೊಂದು ಖಿನ್ನತೆಯ ವಿಷಯವಾಗಿ 2011ರ ಎರಡು ಚಿತ್ರಗಳನ್ನು ತೋರಿಸಿತು. ಬೆಳಿಗ್ಗೆ ಲಾರ್ಸ್ ವಾನ್ ಟ್ರಿಯರ್ ಅವರ ‘ಮೆಲಂಕೋಲಿಯಾ’, ಊಟದ ನಂತರ ಬೇಲಾ ತಾರ್ ಅವರ ‘ದಿ ಟ್ಯೂರಿನ್ ಹಾರ್ಸ್’. ಪ್ರವೇಶಕ್ಕೆ ನೂರು ರೂಪಾಯಿ, ಕಾಫಿ ಸೇರಿ.

ನಮ್ಮ ಜನಪ್ರಿಯ ಚಿತ್ರಗಳಲ್ಲಿ ಖಿನ್ನತೆಯೆಂದರೆ ಬೆಳೆದ ಗಡ್ಡ, ಕೈಯಲ್ಲೊಂದು ಬಾಟಲಿ, ಹಿನ್ನೆಲೆಯಲ್ಲಿ ಕೈಕೊಟ್ಟ ಪ್ರೇಮ. ‘ಮೆಲಂಕೋಲಿಯಾ’ದ ಜಸ್ಟಿನ್‌ಗೆ ಅಂಥ ಕಾರಣವೇ ಇಲ್ಲ, ಅದ್ದೂರಿ ಮದುವೆಯ ರಾತ್ರಿಯೇ ಅವಳು ಕುಸಿಯುತ್ತಾಳೆ. ಮುಂದೆ ಸೋದರಿ ಕ್ಲೇರ್ ಅವಳನ್ನು ಆತುಕೊಂಡು ಸ್ನಾನದ ತೊಟ್ಟಿಯವರೆಗೆ ಕರೆತಂದರೂ ಕಾಲೆತ್ತಿ ಒಳಗಿಡುವಷ್ಟು ತ್ರಾಣ ಅವಳಲ್ಲಿಲ್ಲ. ಇಷ್ಟದ ಮಾಂಸದ ಅಡುಗೆಯನ್ನು ಬಾಯಿಗಿಟ್ಟು, ಬೂದಿಯ ರುಚಿ ಎಂದು ಅಳುತ್ತಾಳೆ. ಹಂಡೆಯಲ್ಲಿ ನೀರು ಕಾದಿದೆಯೆಂದು ಮೂರು ಸಲ ಕರೆದರೂ ಏಳದವರನ್ನು ಮಳೆಗಾಲದ ಸೋಮಾರಿಗಳೆಂದು ಬೈದು ಸುಮ್ಮನಾಗುವ ನಮ್ಮ ಕಡೆಯವರು ಈ ಎರಡು ದೃಶ್ಯಗಳನ್ನಾದರೂ ನೋಡಬೇಕು. ಕರ್ಸ್ಟನ್ ಡನ್‌ಸ್ಟ್ ಅವರಿಗೆ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂದದ್ದು ಈ ಪಾತ್ರಕ್ಕೇ.

ನನ್ನ ತಕರಾರಿರುವುದು ಉತ್ತರಾರ್ಧದ ಬಗ್ಗೆ. ಗ್ರಹವೊಂದು ಭೂಮಿಗೆ ಅಪ್ಪಳಿಸಲು ಬರುವಾಗ ಉಳಿದವರು ಕಂಗೆಡುತ್ತಾರೆ, ಜಸ್ಟಿನ್ ಮಾತ್ರ ಶಾಂತಳಾಗುತ್ತಾಳೆ, ಮತ್ತು ಕೊನೆಗೆ ಅವಳ ನಿರಾಶೆಯೇ ಸರಿಯಾಗಿತ್ತೆಂದು ಚಿತ್ರ ತೀರ್ಪು ಕೊಡುತ್ತದೆ. ಮೊದಲರ್ಧದಲ್ಲಿ ಅಷ್ಟು ನಿಖರವಾಗಿ ಕಾಣಿಸಿದ ಕಾಯಿಲೆ ಇಲ್ಲಿ ಜ್ಞಾನೋದಯದ ವೇಷ ತೊಡುತ್ತದೆ.

ತಾರ್ ಅವರ ಚಿತ್ರದಲ್ಲಿ ಕಾಯಿಲೆಯ ಮಾತೇ ಇಲ್ಲ. ಸುಮಾರು ಮೂವತ್ತು ದೀರ್ಘ ಶಾಟ್‌ಗಳ ಈ ಕಪ್ಪು-ಬಿಳುಪು ಚಿತ್ರದಲ್ಲಿ, ಬಲಗೈ ಸ್ವಾಧೀನವಿಲ್ಲದ ಗಾಡಿಯವನೂ ಅವನ ಮಗಳೂ ಬೇಯಿಸಿದ ಆಲೂಗಡ್ಡೆಯನ್ನು ತಲೆಗೊಂದರಂತೆ ತಿನ್ನುತ್ತಾರೆ. ಕುದುರೆ ಮೇವು ಬಿಡುತ್ತದೆ, ಬಾವಿ ಬತ್ತುತ್ತದೆ, ದೀಪ ಹತ್ತುವುದಿಲ್ಲ. ಇದು ಒಬ್ಬರ ಮನಸ್ಸು ಮಂಕಾದ ಕಥೆಯಲ್ಲ, ಜಗತ್ತೇ ಆರಿಹೋಗುತ್ತಿದೆಯೆಂಬ ನೋಟ. ಪರದೆಯ ಮೇಲಿನ ಬಿರುಗಾಳಿ ಯಾವುದು, ನಮ್ಮ ತಗಡಿನ ಮಾಡಿನ ಮೇಲಿನ ಮಳೆ ಯಾವುದು ಎಂದು ಆಗಾಗ ತಿಳಿಯುತ್ತಿರಲಿಲ್ಲ.

ಇವೆರಡನ್ನೂ ಖಿನ್ನತೆಯೆಂಬ ಒಂದೇ ಬುಟ್ಟಿಗೆ ಹಾಕಿದ್ದು ಆಯೋಜಕರ ತಪ್ಪು. ಚರ್ಚೆಗೆ ಉಳಿದದ್ದು ಕಾಲು ಗಂಟೆ. ಅದರಲ್ಲೂ ‘ಬದುಕಿನ ಅರ್ಥ’ದ ಮಾತೇ ನಡೆಯಿತು, ಚಿಕಿತ್ಸೆಯ ಬಗ್ಗೆ ಹೇಳಲು ಮನೋವೈದ್ಯರೊಬ್ಬರೂ ಇರಲಿಲ್ಲ. ಉಪಶೀರ್ಷಿಕೆಗಳು ಇಂಗ್ಲಿಷಿನಲ್ಲಿದ್ದರೂ ಮೊದಲೇ ಹಂಚಿದ ಕನ್ನಡದ ಕಥಾಸಾರ ಅಚ್ಚುಕಟ್ಟಾಗಿತ್ತು. ಆದರೆ 135 ನಿಮಿಷದ ಚಿತ್ರದ ಬೆನ್ನಿಗೇ 146 ನಿಮಿಷದ್ದನ್ನು ಇಟ್ಟರೆ, ಊಟ ಮುಗಿಸಿ ಬಂದವರಲ್ಲಿ ಅರ್ಧದಷ್ಟು ಜನ ಎರಡನೆಯ ಆಲೂಗಡ್ಡೆಯ ಹೊತ್ತಿಗೆ ಕೊಡೆ ಹುಡುಕಿಕೊಂಡು ಹೊರಟದ್ದರಲ್ಲಿ ಆಶ್ಚರ್ಯವಿಲ್ಲ.