ರಬ್ಬರಿಗೆ ಸರಿ, ತೆಂಗಿಗೆ ಸಾಲದು: ಚೈನ್‌ಸಾ ಹರಿತ ಮಾಡುವ ಜೋಡಿ ಅರ

ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟಗಳಲ್ಲಿ ಚೈನ್‌ಸಾ ಇಟ್ಟುಕೊಂಡವರು ಜೋಡಿ ಅರದ ಚೌಕಟ್ಟನ್ನು ಕೊಳ್ಳಬಹುದೇ ಎಂದು ಕೇಳಿದರೆ, ಯಾವ ಮರ ಕೊಯ್ಯುತ್ತೀರಿ ಎಂದು ಮೊದಲು ತಿಳಿದುಕೊಳ್ಳಬೇಕಾಗುತ್ತದೆ. ಎರಡು ಉರುಟು ಅರ ಹಾಗೂ ಒಂದು ಚಪ್ಪಟೆ ಅರವಿರುವ ಈ ಸಾಧನ, ಹಲ್ಲನ್ನು ಹರಿತ ಮಾಡುತ್ತಲೇ ಅದರ ಮುಂದಿನ ಡೆಪ್ತ್ ಗೇಜನ್ನೂ (ಹಲ್ಲು ಮರಕ್ಕೆ ಎಷ್ಟು ಆಳ ಕಚ್ಚಬೇಕೆಂದು ಹತೋಟಿ ಮಾಡುವ ಉಬ್ಬು) ತಗ್ಗಿಸುತ್ತದೆ. ನನ್ನಲ್ಲಿರುವುದು ಚಿಕ್ಕ ಯಂತ್ರಗಳ 3/8 ಇಂಚು ಪಿಚ್ಚಿನ (ಕೊಂಡಿಗಳ ಅಂತರದ) ಲೋ ಪ್ರೊಫೈಲ್, ಅಂದರೆ ತಗ್ಗು ಹಲ್ಲಿನ ಚೈನಿಗೆ ಹೊಂದುವ 4 ಮಿ.ಮೀ. ಅರದ್ದು; .325 ಇಂಚು ಪಿಚ್ಚಿನ ಚೈನಿಗೆ 4.8 ಮಿ.ಮೀ.ನದು ಬೇಕು.

ಇದರ ಮೇಲಿನ ಗೆರೆಯನ್ನು ಬಾರಿಗೆ (ಚೈನು ಸುತ್ತುವ ಉದ್ದನೆಯ ಪಟ್ಟಿಗೆ) ಸಮಾನಾಂತರವಾಗಿ ಹಿಡಿದರೆ ಅರವು 30 ಡಿಗ್ರಿಯಲ್ಲಿ ಓಡುತ್ತದೆ. ಹಸಿ ರಬ್ಬರು, ಗಾಳಿಮಳೆಗೆ ಬಿದ್ದ ಅಡಿಕೆ ಮರ ಇಷ್ಟೇ ಕೆಲಸವಾದರೆ ಬೇರೆ ಕೋನದ ಯೋಚನೆಯೇ ಬೇಡ; ಹುಡಿಯ ಬದಲು ದಪ್ಪ ಚಕ್ಕೆ ಬೀಳುತ್ತದೆ, ಯಂತ್ರವನ್ನು ಒತ್ತಬೇಕಾಗುವುದಿಲ್ಲ. ಕಣ್ಣಳತೆಯಲ್ಲಿ ಅರ ಹಾಕುವವರ ಚೈನಿನಲ್ಲಿ ಒಂದು ಬದಿಯ ಹಲ್ಲುಗಳು ಗಿಡ್ಡವಾಗಿ ಕೊಯ್ತ ಓರೆಗೆ ಎಳೆಯುವುದುಂಟು, ಆ ತೊಂದರೆ ಇದರಲ್ಲಿ ಬಹಳ ಕಡಿಮೆ.

ತೆಂಗಿನ ಮರಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ. ಅದರ ಹೊರಸುತ್ತು ಒಳಗಿನ ತಿರುಳಿಗಿಂತ ಎಷ್ಟೋ ಗಟ್ಟಿ, ಸಾಲದ್ದಕ್ಕೆ ಅದರಲ್ಲಿ ಸಿಲಿಕಾ ಇದೆ. 30 ಡಿಗ್ರಿಯ ತೆಳು ಮೊನೆ ಅಲ್ಲಿ ಬೇಗನೆ ಸವೆದು, ಬೆಳಕಿಗೆ ಹಿಡಿದರೆ ಹಲ್ಲಿನ ಅಂಚಿನಲ್ಲಿ ಬಿಳಿ ಗೆರೆಯೊಂದು ಮಿನುಗುತ್ತದೆ. ಒಣಗಿದ ಹಲಸಿಗೂ ಇದೇ ಮಾತು. ಇಂಥ ಮರಕ್ಕೆ 25 ಡಿಗ್ರಿ ಒಳ್ಳೆಯದು: ಕೊಯ್ತ ಸ್ವಲ್ಪ ನಿಧಾನವಾದರೂ ಹರಿತ ಹೆಚ್ಚು ಹೊತ್ತು ಉಳಿಯುತ್ತದೆ. ಆದರೆ ಈ ಚೌಕಟ್ಟಿನಲ್ಲಿ 25ರ ಗೆರೆ ಇಲ್ಲ. ಹೀಗಾಗಿ ತೆಂಗಿನ ಚೈನಿಗೆ ನಾನು ಬಳಸುವುದು ಎರಡೂ ಕೋನದ ಗೆರೆಗಳಿರುವ, ತಗಡಿನ ಸಾದಾ ಹಿಡಿಯನ್ನು. ಗೇಜನ್ನು ಪ್ರತ್ಯೇಕವಾಗಿ ಹಲ್ಲಿನ ತುದಿಗಿಂತ 0.65 ಮಿ.ಮೀ. ಕೆಳಕ್ಕೆ ತಗ್ಗಿಸುವ ಕೆಲಸವೊಂದು ಹೆಚ್ಚುತ್ತದೆ, ಅಷ್ಟೇ. ಒಂದೇ ಚೈನನ್ನು ಮರ ಬದಲಾದಂತೆಲ್ಲ ಕೋನ ಬದಲಿಸಿ ಅರ ಹಾಕಿದರೆ ಹಲ್ಲು ಸುಮ್ಮನೆ ಸವೆಯುತ್ತದೆ, ಎರಡು ಚೈನು ಇಟ್ಟುಕೊಳ್ಳುವುದೇ ಲಾಭ. ಉದ್ದಕ್ಕೆ ಹಲಗೆ ಸೀಳುವವರ 10 ಡಿಗ್ರಿಯ ಚೈನಿಗಂತೂ ಈ ಸಾಧನ ಹೇಳಿದ್ದೇ ಅಲ್ಲ.

ಒಂದು ಬದಿಯ ಹಲ್ಲುಗಳು ಮುಗಿದ ಮೇಲೆ ಚೌಕಟ್ಟನ್ನು ಬಿಚ್ಚಿ ಚಪ್ಪಟೆ ಅರದ ಜಾಗ ಬದಲಿಸಬೇಕಾಗಿರುವುದು ಎಣ್ಣೆ ಮೆತ್ತಿದ ಕೈಗೆ ಕಿರಿಕಿರಿ. ರಬ್ಬರು ತೋಟದವರು ಧಾರಾಳವಾಗಿ ಕೊಳ್ಳಬಹುದು; ಒಳಗಿನ ಅರಗಳು ಬಿಡಿಯಾಗಿ ಸಿಗುತ್ತವೆಯೇ ಎಂದು ಅಂಗಡಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.